ವ್ಯಾನ್ ಇದ್ದೂ ಓಡಿದ ರಾತ್ರಿ

ಈ ಕ್ಲಿಪ್‌ನಲ್ಲಿ ಏನೂ ಕಾಣುತ್ತಿಲ್ಲ ಅಂತ ನಿಮಗೆ ಅನಿಸಿದರೆ ಮೊಬೈಲ್ ಬ್ರೈಟ್‌ನೆಸ್ ಜಾಸ್ತಿ ಮಾಡಬೇಡಿ. ಅಲ್ಲಿ ಏನೂ ಇಲ್ಲ. ರಾತ್ರಿ ಒಂದೂಕಾಲು ಗಂಟೆ. ಮಂಜು. ಹಣೆಗೆ ಕಟ್ಟಿಕೊಂಡ ಹೆಡ್‌ಲ್ಯಾಂಪ್ ಬೆಳಕು ಮಂಜಿಗೆ ಬಡಿದು ನನ್ನ ಮುಖಕ್ಕೇ ವಾಪಸ್ ಬರುತ್ತಿದೆ. ಕೇಳಿಸುತ್ತಿರುವ ಏದುಸಿರು ನನ್ನದೇ. ಈ ಹೊತ್ತಿಗೆ ನಾನು ನಮ್ಮ ವ್ಯಾನನ್ನು ದಾಟಿ ಮುಂದೆ ಹೋಗಿ ಆಗಿತ್ತು. ನನಗದು ಗೊತ್ತಿರಲಿಲ್ಲ. ವ್ಯಾನಿನೊಳಗೆ ಇದ್ದವರಿಗೂ ಗೊತ್ತಿರಲಿಲ್ಲ.

ಮೊದಲಿಂದ ಹೇಳುತ್ತೇನೆ.

ಮಳೆಗಾಲದಲ್ಲಿ ಮನೆಯಲ್ಲಿ ಕೂತು ಹುಡ್ ಟು ಕೋಸ್ಟ್ ಅನ್ನುವ ರಿಲೇ ಓಟದ ವಿಡಿಯೋ ನೋಡಿದ್ದೆವು. ಅಮೆರಿಕದ ಆರೆಗಾನ್ ರಾಜ್ಯದ್ದು. 1982ರಲ್ಲಿ ಎಂಟು ತಂಡಗಳಿಂದ ಶುರುವಾಗಿದ್ದು, ಈಗ ದೊಡ್ಡ ಜಾತ್ರೆ. ಮೌಂಟ್ ಹುಡ್ ಬೆಟ್ಟದಿಂದ ಪೆಸಿಫಿಕ್ ಸಮುದ್ರದ ದಡದವರೆಗೆ ಸುಮಾರು 320 ಕಿ.ಮೀ. ತಂಡಕ್ಕೆ 12 ಜನ, ಎರಡು ವ್ಯಾನ್, ಒಟ್ಟು 36 ತುಂಡು. ಒಬ್ಬೊಬ್ಬರು ಮೂರು ಮೂರು ಸಲ ಓಡಬೇಕು. ರಾತ್ರಿಯೂ ನಿಲ್ಲುವ ಹಾಗಿಲ್ಲ.

ನಮ್ಮ ಹತ್ತಿರ ಇದ್ದದ್ದು ಆರು ಜನ, ಒಂದು ಬಾಡಿಗೆ ವ್ಯಾನ್. ಹಾಗಾಗಿ ಎಲ್ಲವನ್ನೂ ಅರ್ಧ ಮಾಡಿಕೊಂಡೆವು, ದೂರವನ್ನು ಅರ್ಧಕ್ಕಿಂತ ಕಡಿಮೆ ಮಾಡಿಕೊಂಡೆವು. ಶಿವಮೊಗ್ಗದಿಂದ ತೀರ್ಥಹಳ್ಳಿ ಮೇಲೆ ಆಗುಂಬೆ. ಹತ್ತಿರ ಹತ್ತಿರ 95 ಕಿ.ಮೀ. ಅದಕ್ಕೆ 18 ತುಂಡು, ಒಂದೊಂದು ಐದು ಕಿ.ಮೀ. ಚಿಲ್ಲರೆ. ಪೈಪೋಟಿಗೆ ಬೇರೆ ತಂಡ ಇಲ್ಲ. ಮೊದಲನೇ ಸ್ಥಾನವೂ ನಮ್ಮದೇ, ಕೊನೇ ಸ್ಥಾನವೂ ನಮ್ಮದೇ.

ತಂಡದಲ್ಲಿ ಯಾರ್ಯಾರು ಅಂದರೆ, ಆಟದ ಮೇಷ್ಟ್ರು ಒಬ್ಬರು, ನಮ್ಮಲ್ಲಿ ನಿಜವಾಗಿ ಓಡಲು ಬರುವುದು ಅವರಿಗೆ ಮಾತ್ರ. ಎಲ್ಲದಕ್ಕೂ ಎಕ್ಸೆಲ್ ಶೀಟ್ ಮಾಡುವ ಗೆಳೆಯ ಒಬ್ಬ. ಪಕ್ಕದ ಬೀದಿಯ ಅಣ್ಣ ತಮ್ಮ ಇಬ್ಬರು. ನನ್ನ ತಂಗಿ. ಆಮೇಲೆ ನಾನು. ವ್ಯಾನ್ ಓಡಿಸಿದ ಡ್ರೈವರ್ ಅಣ್ಣನನ್ನು ಸೇರಿಸಿದರೆ ಏಳು. ಅವರು ಮಾತ್ರ ರಾತ್ರಿಯಿಡೀ ಒಂದು ಹೆಜ್ಜೆಯೂ ಓಡದೆ ನಮಗಿಂತ ಜಾಸ್ತಿ ಸುಸ್ತಾದರು.

ಕೈಯಿಂದ ಕೈಗೆ ಕೊಡಲು ಕೋಲು ಬೇಕಲ್ವಾ? ಮೇಷ್ಟ್ರು ಒಂದು ಬಿಳಿ ಟವೆಲ್ ತಂದರು. ಕತ್ತಲಲ್ಲಿ ಕಾಣುತ್ತದೆ, ಬೆವರು ಒರೆಸಿಕೊಳ್ಳಲೂ ಆಗುತ್ತದೆ ಅಂದರು. ಎರಡನೇ ಅನುಕೂಲವೇ ಆಮೇಲೆ ಅನನುಕೂಲ ಆಯಿತು. ಐದು ಜನ ಕುತ್ತಿಗೆಗೆ ಸುತ್ತಿಕೊಂಡು ಓಡಿದ ಟವೆಲ್ಲನ್ನು ಆರನೆಯವನಾಗಿ ತೆಗೆದುಕೊಳ್ಳುವುದು ಹೇಗಿರುತ್ತದೆ ಅಂತ ನೀವೇ ಯೋಚಿಸಿ.

ಎಕ್ಸೆಲ್ ಶೀಟ್ ವಿಷಯ ಹೇಳಲೇಬೇಕು. ಯಾರು ಎಷ್ಟು ಹೊತ್ತಿಗೆ ಇಳಿಯಬೇಕು, ಎಲ್ಲಿ ಹತ್ತಬೇಕು ಎಲ್ಲ ಅದರಲ್ಲಿತ್ತು. ಮೇಷ್ಟ್ರಿಗೆ 27 ನಿಮಿಷ. ಅಣ್ಣ ತಮ್ಮನಿಗೆ 34. ನನಗೆ 40. ನನ್ನ ಸಾಲಿಗೆ ಮಾತ್ರ ಹಳದಿ ಬಣ್ಣ ಹಚ್ಚಿದ್ದ. ಯಾಕೋ ಅಂದರೆ, "ಸುಮ್ನೆ, ನೆನಪಿರಲಿ ಅಂತ" ಅಂದ. ಒಬ್ಬನೇ ಓಡುವಾಗ ನಿಧಾನ ಅನ್ನುವುದು ನನ್ನ ಸ್ವಂತ ವಿಷಯ. ರಿಲೇಯಲ್ಲಿ ಹಾಗಲ್ಲ. ನಾನು ನಿಧಾನವಾದಷ್ಟೂ ಮುಂದೆ ಯಾರೋ ಒಬ್ಬರು ಚಳಿಯಲ್ಲಿ ಕೈ ಉಜ್ಜಿಕೊಂಡು ನಿಂತಿರುತ್ತಾರೆ.

ರಾತ್ರಿ ಎಂಟಕ್ಕೆ ಬಸ್ ಸ್ಟ್ಯಾಂಡ್ ಹತ್ತಿರದಿಂದ ಹೊರಟೆವು. ಜನವರಿ ತಿಂಗಳು. ಊರು ದಾಟುವವರೆಗೆ ಗೋಬಿ ಗಾಡಿ, ಹಾರ್ನು, "ಏನ್ರೋ, ಎಲ್ಲಿಗೆ?" ಅನ್ನುವವರು. ಗಾಜನೂರು ಬಂತು ಅನ್ನುವಷ್ಟರಲ್ಲಿ ಸದ್ದೆಲ್ಲ ನಿಂತು ಹೋಯಿತು. ನನ್ನ ಮೊದಲ ಪಾಳಿ ಅಲ್ಲಿಂದಲೇ. ಒಂದು ಕಡೆ ತುಂಗೆಯ ಹಿನ್ನೀರು, ಇನ್ನೊಂದು ಕಡೆ ಕಾಡು. ಸಕ್ರೆಬೈಲಿನ ಆನೆ ಬಿಡಾರದ ಮುಂದೆ ಓಡುವಾಗ ಈ ವಿಡಿಯೋದಲ್ಲಿ ನಾನು ಒಂದೂ ಮಾತಾಡಿಲ್ಲ, ಗಮನಿಸಿ. ಬಿಡಾರದ ಆನೆಗಳನ್ನು ರಾತ್ರಿ ಮೇಯಲು ಕಾಡಿಗೆ ಬಿಡುತ್ತಾರೆ, ಬೆಳಿಗ್ಗೆ ಮಾವುತರು ಹೋಗಿ ಹುಡುಕಿ ಕರೆದುಕೊಂಡು ಬರುತ್ತಾರೆ. ಈ ಮಾಹಿತಿಯನ್ನು ಡ್ರೈವರ್ ಅಣ್ಣ ನಾನು ವ್ಯಾನ್ ಇಳಿಯುವಾಗಲೇ ಕೊಟ್ಟರು. ಎಲ್ಲೋ ಒಳಗೆ ಕಣಕಣ ಅಂದಿದ್ದು ಸರಪಳಿಯೋ ನನ್ನ ಜೇಬಿನ ಚಿಲ್ಲರೆಯೋ ಗೊತ್ತಾಗಲಿಲ್ಲ. ಆ ಕಾಡಿನ ಜಾಗದಲ್ಲಿ ಮಾತ್ರ ವ್ಯಾನು ಇಂಡಿಕೇಟರ್ ಹಾಕಿಕೊಂಡು ಹಿಂದೆಯೇ ಬಂತು. ಆದರೂ 41 ನಿಮಿಷ ತೆಗೆದುಕೊಂಡೆ. ಹಳದಿ ಸಾಲಿಗೆ ಒಂದು ನಿಮಿಷ ಸಾಲ.

ಐದು ಕಿ.ಮೀ. ಓಡುವುದು ದೊಡ್ಡ ಕಷ್ಟ ಅಲ್ಲ. ಓಡಿ ಬಂದು, ಒದ್ದೆ ಬನಿಯನ್ ಬದಲಾಯಿಸಿ, ಆರು ಜನರ ಶೂ ವಾಸನೆಯಲ್ಲಿ ಮುದುರಿ ಕೂತು, ಮೂರು ಗಂಟೆ ಬಿಟ್ಟು ಮತ್ತೆ ಇಳಿಯುವುದು ಕಷ್ಟ. ಕಾಲು ಅಷ್ಟರಲ್ಲಿ ಕೊರಡಾಗಿರುತ್ತದೆ. ಹೊಟ್ಟೆಗೆ ಏನು ಹಾಕಬೇಕು ಅನ್ನುವುದೂ ತಲೆಬಿಸಿ. ಮೇಷ್ಟ್ರು ಬಾಳೆಹಣ್ಣು, ಕಡಲೆಕಾಯಿ ಚಿಕ್ಕಿ, ಉಪ್ಪು ಹಾಕಿದ ನಿಂಬೆ ಪಾನಕ ಇಷ್ಟೇ ಅಂದಿದ್ದರು. ಅಣ್ಣ ತಮ್ಮನಲ್ಲಿ ತಮ್ಮನಾದವನು ಮಂಡಗದ್ದೆ ಹತ್ತಿರ ಗುಟ್ಟಾಗಿ ಖಾರ ಮಂಡಕ್ಕಿ ಪೊಟ್ಟಣ ಬಿಚ್ಚಿದ. ಮುಂದಿನ ಪಾಳಿಯಲ್ಲಿ ಅವನು ಓಡಿದ್ದು ಯಾರಿಗೂ ಕಾಣಲಿಲ್ಲ, ತೇಗು ಮಾತ್ರ ಕೇಳಿಸಿತು.

ಈಗ ಆ ಒಂದೂಕಾಲು ಗಂಟೆಗೆ ಬರೋಣ.

ನನ್ನ ಎರಡನೇ ಪಾಳಿ ಬೆಜ್ಜವಳ್ಳಿಯ ಆಸುಪಾಸು, 12 ಗಂಟೆ 40 ನಿಮಿಷಕ್ಕೆ ಶುರು. ಶೀಟ್ ಪ್ರಕಾರ 1 ಗಂಟೆ 20ಕ್ಕೆ ತಂಗಿಗೆ ಟವೆಲ್ ಕೊಡಬೇಕು. ಅರ್ಧ ಕಿ.ಮೀ. ಆಗಿರಲಿಲ್ಲ, ಎರಡು ನಾಯಿ ಹಿಂದೆ ಬಿದ್ದವು. ನಾಯಿ ಬಂದರೆ ಓಡಬಾರದು, ನಿಂತು ಗದರಿಸಬೇಕು ಅಂತ ನನಗೂ ಗೊತ್ತು. ಕಾಲಿಗೆ ಗೊತ್ತಿರಲಿಲ್ಲ. ನಾಯಿ ಬಿಟ್ಟ ಮೇಲೆ ಎಲ್ಲಿಂದಲೋ ಚಂಡೆ ಕೇಳಿಸಿತು. ಯಾವ ಊರಲ್ಲಿ ಯಕ್ಷಗಾನದ ಆಟವೋ, ತೋಟದ ಆಚೆಯೋ ಗುಡ್ಡದ ಆಚೆಯೋ. ಮೈಕಿನ ಪದ ಒಂದೂ ಅರ್ಥವಾಗುತ್ತಿಲ್ಲ, ಚಂಡೆ ಪೆಟ್ಟು ಮಾತ್ರ ಮಂಜಿನೊಳಗಿಂದ ನೇರ ಬರುತ್ತಿದೆ. ಯಾರೋ ಯುದ್ಧಕ್ಕೆ ಹೊರಟಿರಬೇಕು, ಪೆಟ್ಟು ಜೋರಾಗುತ್ತಾ ಹೋಯಿತು. ಹೆಜ್ಜೆ ತಾನಾಗೇ ಅದಕ್ಕೆ ಸೇರಿಕೊಂಡಿತು. ಅಷ್ಟು ಹಗುರವಾಗಿ ನಾನು ಹಿಂದೆಂದೂ ಓಡಿಲ್ಲ. ವಾಚ್ ಆಮೇಲೆ ಹೇಳಿದ್ದು, ಆ ಪಾಳಿಯ ದೂರ ಮುಗಿದಾಗ 32 ನಿಮಿಷ. ಅಂದರೆ ನಾನು 1 ಗಂಟೆ 12ಕ್ಕೇ ವ್ಯಾನ್ ಹತ್ತಿರ ಇದ್ದೆ.

ತಂಗಿ ಅಲಾರಂ ಇಟ್ಟಿದ್ದು 1 ಗಂಟೆ 15ಕ್ಕೆ.

ವ್ಯಾನನ್ನು ಡ್ರೈವರ್ ಅಣ್ಣ ಹೆದ್ದಾರಿಯಿಂದ ಇಳಿಸಿ ಒಂದು ಮಣ್ಣುರಸ್ತೆಗೆ ಹಾಕಿದ್ದರು. ಲಾರಿಗಳು ಓಡಾಡುವ ರಸ್ತೆ, ಸರಿಯಾಗಿಯೇ ಮಾಡಿದ್ದರು. ಬ್ಯಾಟರಿ ಇಳಿಯುತ್ತದೆ ಅಂತ ಲೈಟು ಆರಿಸಿದ್ದರು. ಒಳಗೆ ಎಲ್ಲರೂ ನಿದ್ದೆ. "ಅವನು ಬರೋಕೆ ಇನ್ನೂ ಟೈಮಿದೆ" ಅಂತ ಮಾತಾಡಿಕೊಂಡೇ ಮಲಗಿದ್ದರಂತೆ. ಜೀವನದಲ್ಲಿ ಒಂದು ಸಲ ಜೋರಾಗಿ ಓಡಿದೆ ಮಾರಾಯ್ರೆ, ನೋಡಲು ಒಬ್ಬರೂ ಎದ್ದಿರಲಿಲ್ಲ.

ನಾನು ಓಡುತ್ತಲೇ ಇದ್ದೆ. ಇನ್ನೇನು ಬರುತ್ತದೆ, ಇನ್ನೇನು ಬರುತ್ತದೆ ಅಂತ. ಆ ಕಡೆ ಟವರ್ ಸಿಗುವುದಿಲ್ಲ. ಎರಡು ಕಿ.ಮೀ. ಜಾಸ್ತಿ ಓಡಿದ ಮೇಲೆ ಅನುಮಾನ ಬಂತು. ಆಗಲೇ ರಸ್ತೆ ಪಕ್ಕದ ಅಂಗಳದಲ್ಲಿ ಒಂದು ಬೆಳಕು ಕಂಡಿತು.

ಇಲ್ಲಿ ಕ್ಯಾಮೆರಾ ಆಫ್ ಮಾಡಿದ್ದೆ. ಆದ್ದರಿಂದ ಬಾಯಲ್ಲೇ ಹೇಳುತ್ತೇನೆ. ಒಂದು ಬಲ್ಬು, ಅದರ ಕೆಳಗೆ ಹಬೆ. ದೊಡ್ಡ ಒಲೆ, ಅದರ ಮೇಲೆ ಹಂಡೆ, ಹಂಡೆ ತುಂಬ ಅಡಿಕೆ. ಕೊಯ್ಲಿನ ಕಾಲ ಅಲ್ವಾ, ಹಸಿ ಅಡಿಕೆಯನ್ನು ಸುಲಿದ ಮೇಲೆ ಬೇಯಿಸಲು ತಡ ಮಾಡುವ ಹಾಗಿಲ್ಲ. ಸುಲಿಯುವವರು ಆಗಲೇ ಎದ್ದು ಹೋಗಿದ್ದರು, ಸಿಪ್ಪೆ ರಾಶಿ ಮತ್ತು ಸಾಲಾಗಿ ನಿಂತ ಮೆಟ್ಟುಗತ್ತಿಗಳು ಮಾತ್ರ ಉಳಿದಿದ್ದವು. ಕೆಂಪಗೆ ಕಪ್ಪಗೆ ಕುದಿಯುತ್ತಿದ್ದ ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸುವ ನೀರಿನಲ್ಲಿ, ಅಡಿಕೆಗಳು ಮೇಲೆ ಬಂದು ಕೆಳಗೆ ಹೋಗುತ್ತಿದ್ದವು. ಆ ಒಗರು ವಾಸನೆ ಮೂಗಿಗಿಂತ ಮೊದಲು ನಾಲಿಗೆಗೆ ತಾಗುತ್ತದೆ. ಹಂಡೆ ಮುಂದೆ ತಲೆಗೆ ಮಫ್ಲರ್ ಸುತ್ತಿಕೊಂಡ ಒಬ್ಬ ಅಜ್ಜಿ. ತೂತಿನ ಸೌಟಿನಲ್ಲಿ ನಾಲ್ಕು ಅಡಿಕೆ ಎತ್ತಿ, ಒಂದನ್ನು ಆರಿಸಿ, ಉಗುರಿನಿಂದ ಒತ್ತಿ ನೋಡಿ, ಇನ್ನೂ ಆಗಿಲ್ಲ ಅನ್ನುವ ಹಾಗೆ ವಾಪಸ್ ಹಾಕಿದರು. ಆಮೇಲೆ ನನ್ನನ್ನು ನೋಡಿದರು.

"ಯಾರಾದ್ರೂ ಅಟ್ಟಿಸ್ಕೊಂಡ್ ಬರ್ತಿದಾರಾ ತಮ್ಮಾ?"

"ಇಲ್ಲ ಅಜ್ಜಿ. ಸುಮ್ನೆ ಓಡ್ತಿದೀನಿ. ಆಗುಂಬೆಗೆ."

"ಬೆಳಗಾದ್ರೆ ಬಸ್ಸಿದೆಯಲ್ಲ."

"ನಮ್ಮದೇ ವ್ಯಾನಿದೆ ಅಜ್ಜಿ."

ಸೌಟು ಹಿಡಿದ ಕೈ ಹಾಗೇ ನಿಂತಿತು. "ವ್ಯಾನಿದ್ದೂ ಓಡ್ತೀಯಾ? ಎಲ್ಲಿ ವ್ಯಾನು?"

"ಅದೇ ಗೊತ್ತಿಲ್ಲ."

ಮುಂದೆ ಅವರು ಏನೂ ಕೇಳಲಿಲ್ಲ. ಒಳಗೆ ಹೋಗಿ ದೊಡ್ಡ ಲೋಟದಲ್ಲಿ ಕಷಾಯ ತಂದರು. ಬೆಲ್ಲ, ಹಾಲು, ಶುಂಠಿ, ಜೀರಿಗೆ, ಮೆಣಸು. ಒಲೆ ಮುಂದೆ ಮಣೆ ಹಾಕಿದರು. ಬೆನ್ನಿಗೆ ಚಳಿ, ಮುಖಕ್ಕೆ ಬೆಂಕಿ. ಒದ್ದೆ ಟವೆಲ್ ತೆಗೆದು ಸೌದೆ ಮೇಲೆ ಹರವಿದೆ. ತಂಡ, ರಿಲೇ, ಹಳದಿ ಸಾಲು ಎಲ್ಲ ಮರೆತು ಅರ್ಧ ಗಂಟೆ ಕೂತಿದ್ದೆ. ಹುಡುಕಿಕೊಂಡು ವಾಪಸ್ ಹೋಗಬೇಕಿತ್ತು, ನಿಜ. ಹೋಗಲಿಲ್ಲ.

ಆ ಕಡೆ ವ್ಯಾನಿನಲ್ಲಿ ಏನಾಗಿತ್ತು ಅಂತ ಆಮೇಲೆ ಗೊತ್ತಾಯಿತು. ತಂಗಿ ಎದ್ದು ರಸ್ತೆಗೆ ಬಂದು ನಿಂತಿದ್ದಾಳೆ. ಒಂದು ಇಪ್ಪತ್ತು, ಒಂದೂವರೆ. ನಾನಿಲ್ಲ. ವ್ಯಾನ್ ತಿರುಗಿಸಿಕೊಂಡು ಎಲ್ಲರೂ ಹಿಂದಕ್ಕೆ ಹೋಗಿದ್ದಾರೆ, ಬೆಜ್ಜವಳ್ಳಿ ಕಡೆಗೆ. ನಾನು ಮುಂದೆ ಹೋಗಿರಬಹುದು ಅನ್ನುವುದು ಆರು ತಲೆಗಳಲ್ಲಿ ಒಂದಕ್ಕೂ ಹೊಳೆದಿಲ್ಲ. ತಂಗಿ ಬಾಗಿಲಲ್ಲಿ ಕೂತು ರಸ್ತೆ ಪಕ್ಕದ ಚರಂಡಿಗೆಲ್ಲ ಟಾರ್ಚ್ ಬಿಟ್ಟು ನೋಡುತ್ತಾ ಹೋಗಿದ್ದಳಂತೆ. ಇದನ್ನು ನನಗೆ ಹೇಳಿದ್ದು ಡ್ರೈವರ್ ಅಣ್ಣ, ಅವಳಲ್ಲ.

ವ್ಯಾನ್ ಅಂಗಳದ ಮುಂದೆ ಬಂದು ನಿಂತಾಗ ನನ್ನ ಕೈಯಲ್ಲಿ ಎರಡನೇ ಲೋಟ ಕಷಾಯ. ಆ ದೃಶ್ಯವನ್ನು ಅವರ ಕಡೆಯಿಂದ ಯೋಚಿಸಿದರೆ ನನಗೇ ಸಿಟ್ಟು ಬರುತ್ತದೆ. ಮೇಷ್ಟ್ರು, "ಚೆನ್ನಾಗಿದೆಯೇನೋ ಕಷಾಯ?" ಅಂದರು. ಎಕ್ಸೆಲ್‌ನವನು ಮೊಬೈಲ್ ನೋಡಿಕೊಂಡು, "45 ನಿಮಿಷ" ಅಂದ, ಅಷ್ಟೇ. ನಾನು 32 ನಿಮಿಷದಲ್ಲಿ ಓಡಿದೆ ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ತಂಗಿ ನನ್ನ ಮುಖ ನೋಡಲಿಲ್ಲ, ಶೂ ಲೇಸ್ ಬಿಗಿ ಮಾಡಿಕೊಂಡು ಅಲ್ಲಿಂದಲೇ ಓಡಲು ಶುರು ಮಾಡಿದಳು. ಟವೆಲ್ ಕೂಡ ಕೇಳಲಿಲ್ಲ.

ಟವೆಲ್ ಸೌದೆ ಮೇಲೇ ಉಳಿದಿದೆ ಅಂತ ಗೊತ್ತಾಗಿದ್ದು ತೀರ್ಥಹಳ್ಳಿಯ ಸೇತುವೆ ಮೇಲೆ. ಅಲ್ಲಿಂದ ಮುಂದೆ ಡ್ರೈವರ್ ಅಣ್ಣನ ಗಾಜು ಒರೆಸುವ ಬಟ್ಟೆಯೇ ಕೈಯಿಂದ ಕೈಗೆ ಹೋಯಿತು.

ಮೂರನೇ ಪಾಳಿ ಬಗ್ಗೆ ಹೇಳಲು ಏನೂ ಇಲ್ಲ. ಬೆಳಗಿನ ಜಾವ ಮೈಯಲ್ಲಿ ಬಿಸಿಯೇ ಇರುವುದಿಲ್ಲ. ಏರು, ಚಳಿ, ಎರಡೂ ಬದಿ ಕಪ್ಪು ಗೋಡೆಯ ಹಾಗೆ ಮರ. ಸ್ವಲ್ಪ ದೂರ ನಡೆದೆ. 44 ನಿಮಿಷ. ಈ ಸಲ ಎಲ್ಲರೂ ಎದ್ದು, ವ್ಯಾನಿನ ಎಲ್ಲ ಲೈಟೂ ಹಾಕಿ, ರಸ್ತೆ ಮಧ್ಯದವರೆಗೂ ಬಂದು ಸಾಲಾಗಿ ನಿಂತಿದ್ದರು. ಅಣ್ಣ ತಮ್ಮನಲ್ಲಿ ತಮ್ಮನಾದವನು ಕೈ ಅಡ್ಡ ಚಾಚಿ, ದನ ತಡೆಯುವ ಹಾಗೆ ತಡೆದ.

ಕೊನೆಯ ತುಂಡು ಮೇಷ್ಟ್ರದ್ದು. ಏಳೂಕಾಲಿಗೆ ಆಗುಂಬೆ. ಊರೆಲ್ಲ ಇಲ್ಲಿಗೆ ಸೂರ್ಯ ಮುಳುಗುವುದನ್ನು ನೋಡಲು ಬರುತ್ತದೆ, ನಾವು ಬಂದಾಗ ಸೂರ್ಯ ಬೆನ್ನ ಹಿಂದೆ ಏಳುತ್ತಿದ್ದ. ಆದರೂ ಸೂರ್ಯಾಸ್ತದ ಕಟ್ಟೆಗೇ ಹೋಗಿ ಕೂತೆವು. ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ಅರಬ್ಬಿ ಸಮುದ್ರ ಕಾಣುತ್ತದೆ. ನಮಗೆ ಕಂಡಿದ್ದು ಹತ್ತಿ ಹಾಸಿದ ಹಾಗೆ ಮಂಜು, ಇನ್ನೂ ಮಲಗಿದ್ದ ಎರಡು ಮಂಗ. "ಹಾಗೇ ಘಾಟಿಯ 14 ತಿರುವೂ ಇಳಿದುಬಿಡೋಣ್ವಾ?" ಅಂದ ಅಣ್ಣ. ಯಾರೂ ಉತ್ತರ ಕೊಡಲಿಲ್ಲ. ಹೋಟೆಲಲ್ಲಿ ತಂಗಿ ಇಡ್ಲಿ ತಿಂದಳು, ಎಲ್ಲರ ಜೊತೆ ನಕ್ಕಳು, ಸಾಂಬಾರ್ ಬಟ್ಟಲನ್ನು ಮಾತ್ರ ನನ್ನ ಕಡೆ ದಾಟಿಸಲಿಲ್ಲ.

ವಾಪಸ್ ಬರುವಾಗ ಅಜ್ಜಿ ಮನೆ ಮುಂದೆ ವ್ಯಾನ್ ನಿಲ್ಲಿಸಿದೆವು. ಹನ್ನೊಂದು ಗಂಟೆ ಇರಬೇಕು. ರಾತ್ರಿ ಬೇಯಿಸಿದ ಅಡಿಕೆ ಅಂಗಳದ ಅಟ್ಟಣಿಗೆ ಮೇಲೆ ಬಿಸಿಲಲ್ಲಿ ಹರಡಿತ್ತು. ಹಗಲಲ್ಲಿ ನೋಡಿದರೆ ಅಜ್ಜಿ ಇನ್ನೂ ಸಣ್ಣಗಿದ್ದರು. ವ್ಯಾನಿನಿಂದ ಇಳಿದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, "ನಿನ್ನ ಬಿಟ್ಟು ಹೋಗಿದ್ದು ಇವ್ರೇನಾ?" ಅಂದರು.

"ನಾವ್ ಬಿಟ್ಟಿಲ್ಲ ಅಜ್ಜಿ, ಇವನೇ ನಮ್ಮನ್ನ ಬಿಟ್ಟು ಹೋಗಿದ್ದು," ಅಂದಳು ತಂಗಿ. "ಅದೂ 32 ನಿಮಿಷದಲ್ಲಿ."

ಕೇಳಿಸಿಕೊಂಡಿದ್ದಳು ಹಾಗಾದರೆ.

ನಾನು ಟವೆಲ್ ಬಗ್ಗೆ ಕೇಳಿದೆ. ಅಜ್ಜಿ ಒಲೆ ಕಡೆ ನೋಡಿದರು. ಹಂಡೆಯ ಎರಡೂ ಕಿವಿಗೆ ಸುತ್ತಿದ ಒಂದು ಬಟ್ಟೆ, ಅರ್ಧ ಮಸಿ, ಇನ್ನರ್ಧ ಚೊಗರಿನ ಕಂದು. "ಅಯ್ಯೋ, ಅದು ನಿಂದಾ? ಮಸಿಬಟ್ಟೆ ಅಂದ್ಕೊಂಡೆ ನಾನು." ಮೇಷ್ಟ್ರು, ಇರಲಿ ಬಿಡಿ ಅಜ್ಜಿ ಅಂದರು. ಹೇಗೂ ಇನ್ನೊಂದು ಹಂಡೆ ಅಡಿಕೆ ಇಳಿಸುವುದಿತ್ತು. ಅಣ್ಣ ತಮ್ಮ ಇಬ್ಬರೂ ಒಂದೊಂದು ತುದಿ ಹಿಡಿದರು.