ಐದು ಸೆಕೆಂಡಿಗೊಮ್ಮೆ ಸರಿ, ಆದರೆ ಯಾವಾಗಿನಿಂದ?

ಎಲ್ಲರಿಗೂ ನಮಸ್ಕಾರ. ಐದು ಸೆಕೆಂಡಿಗೊಮ್ಮೆ ಈ ಫಂಕ್ಷನ್ ಓಡಲಿ ಅಂತ ಒಂದು ಸಾಲು ಬರೆದುಬಿಡುತ್ತೇವೆ, ಅಲ್ವಾ? ಆದರೆ ಆ ಐದು ಸೆಕೆಂಡನ್ನು ಎಲ್ಲಿಂದ ಎಣಿಸಬೇಕು? ಹಿಂದಿನ ಸಲದ ಕೆಲಸ ಶುರುವಾದಾಗಿನಿಂದಲೋ, ಮುಗಿದಾಗಿನಿಂದಲೋ? ಟೈಮರ್ ಇಡುವಾಗ ನಾವು ನಿಜವಾಗಿ ತೀರ್ಮಾನಿಸಬೇಕಾದದ್ದು ಇದನ್ನೇ.

ಇವೆಂಟ್ ಲೂಪ್ ಅಂದರೆ ಬಂದ ಕೆಲಸಗಳನ್ನು ಒಂದಾದ ಮೇಲೊಂದರಂತೆ ಓಡಿಸುತ್ತಾ ಸುತ್ತುವ ಕುಣಿಕೆ. ಅದರಲ್ಲಿ ಟೈಮರ್ ಯಾರನ್ನೂ ನಡುವೆ ತಡೆಯುವುದಿಲ್ಲ. ಹೊತ್ತಾಯಿತು ಅಂತ ಗುರುತಾಗುತ್ತದೆ, ಕೈಯಲ್ಲಿರುವ ಕೆಲಸ ಮುಗಿದು ಲೂಪ್ ತಿರುಗಿ ಬಂದಾಗಲೇ ಕಾಲ್‌ಬ್ಯಾಕ್, ಅಂದರೆ ನಾವು ಟೈಮರ್‌ಗೆ ಕೊಟ್ಟ ಫಂಕ್ಷನ್, ಓಡುತ್ತದೆ. ಹಾಗಾಗಿ ತಡ ಆಗಿಯೇ ಆಗುತ್ತದೆ. ಆ ತಡವನ್ನು ಏನು ಮಾಡುತ್ತೀರಿ?

ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಅಡಿಯಲ್ಲಿ ಲಿಬ್‌ಯುವಿ ಅನ್ನೋ ಇವೆಂಟ್ ಲೂಪ್ ಲೈಬ್ರರಿ ಇದೆ. ಅದರಲ್ಲಿ ಟೈಮರ್‌ಗೆ ಎರಡು ಸಂಖ್ಯೆ ಕೊಡುತ್ತೇವೆ: ಮೊದಲ ಕರೆ ಎಷ್ಟು ಮಿಲಿಸೆಕೆಂಡಿಗೆ, ಆಮೇಲೆ ಎಷ್ಟೆಷ್ಟಕ್ಕೆ. ಎರಡನೆಯದು 0 ಆದರೆ ಒಂದೇ ಸಲ ಓಡಿ ನಿಲ್ಲುತ್ತದೆ. ಮುಂದಿನ ಸರದಿಯನ್ನು ಅದು ಲೂಪ್‌ನ ಆ ಹೊತ್ತಿನ ಸಮಯದಿಂದ ಎಣಿಸುತ್ತದೆ, ಆದ ತಡವನ್ನು ತುಂಬಿಕೊಳ್ಳುವುದಿಲ್ಲ. ಐದು ಸೆಕೆಂಡಿನ ಟೈಮರ್ ಪ್ರತಿ ಸಲ 20 ಮಿಲಿಸೆಕೆಂಡು ತಡವಾದರೂ ಗಂಟೆಗೆ ಸುಮಾರು 14 ಸೆಕೆಂಡು ಹಿಂದೆ ಬೀಳುತ್ತೀರಿ. ಸೆನ್ಸರ್ ಓದುವುದಕ್ಕೆ ಇದು ಪರವಾಗಿಲ್ಲ, ಗಡಿಯಾರ ತೋರಿಸುವುದಕ್ಕೆ ಸಾಲದು. ರಸ್ಟ್ ಭಾಷೆಯ ಟೋಕಿಯೋ ಲೈಬ್ರರಿ ಈ ತಡದ ಪ್ರಶ್ನೆಯನ್ನು ನೇರವಾಗಿ ನಿಮ್ಮ ಮುಂದೆಯೇ ಇಡುತ್ತದೆ, ನನಗೆ ಅದು ತುಂಬಾ ಇಷ್ಟ. ತಪ್ಪಿಹೋದ ಸರದಿಗಳನ್ನೆಲ್ಲ ಬೇಗಬೇಗ ಓಡಿಸಿ ಸರಿಹೊಂದಿಸಲೇ, ಈಗಿನಿಂದ ಹೊಸದಾಗಿ ಎಣಿಸಲೇ, ತಪ್ಪಿದ್ದನ್ನು ಬಿಟ್ಟು ಮೂಲ ತಾಳಕ್ಕೆ ಬರಲೇ? ನೀವು ಏನೂ ಹೇಳದಿದ್ದರೆ ಮೊದಲನೆಯದನ್ನೇ ಮಾಡುತ್ತದೆ. ಆಗಲೇ ಏದುಸಿರು ಬಿಡುತ್ತಿರುವ ಸರ್ವರ್‌ಗೆ ಅದು ಇನ್ನಷ್ಟು ಹೊರೆ.

ಜಾಸ್ತಿ ಜನ ಎಡವುವುದು ಜಾವಾಸ್ಕ್ರಿಪ್ಟ್‌ನ ಸೆಟ್‌ಇಂಟರ್ವಲ್‌ನಲ್ಲಿ, ಅಂದರೆ ಇಷ್ಟಿಷ್ಟು ಹೊತ್ತಿಗೊಮ್ಮೆ ಫಂಕ್ಷನ್ ಕರೆಯುವ ಟೈಮರ್‌ನಲ್ಲಿ. ಅದಕ್ಕೆ ಅಸಿಂಕ್ ಫಂಕ್ಷನ್ (ಉತ್ತರಕ್ಕಾಗಿ ಕಾದು ಆಮೇಲೆ ಮುಗಿಯುವಂಥದ್ದು) ಕೊಟ್ಟರೆ ಆ ಫಂಕ್ಷನ್ ಮುಗಿಯುವವರೆಗೆ ಟೈಮರ್ ಕಾಯುವುದಿಲ್ಲ. ಒಂದು ಸಲ ನನ್ನ ಕೋಡ್ 5 ಸೆಕೆಂಡಿಗೊಮ್ಮೆ ಬೇರೆ ಸರ್ವರ್‌ನಿಂದ ಮಾಹಿತಿ ತರುತ್ತಿತ್ತು, ಆ ಸರ್ವರ್ ನಿಧಾನವಾಗಿ ಉತ್ತರಕ್ಕೆ 8 ಸೆಕೆಂಡು ಹಿಡಿಯತೊಡಗಿತು, ಹಳೆಯ ಕೋರಿಕೆ ಮುಗಿಯುವ ಮುಂಚೆ ಹೊಸದು ಹೊರಟು, ಹಳೆಯ ಉತ್ತರ ಹೊಸದರ ಮೇಲೆ ಬಂದು ಕೂತು ಪರದೆ ಮೇಲಿನ ಅಂಕಿಗಳು ಹಿಂದೆ ಮುಂದೆ ಕುಣಿದವು. ಇಂಥ ಕಡೆ ಸೆಟ್‌ಇಂಟರ್ವಲ್ ಬೇಡ. ಕೆಲಸ ಮುಗಿದ ಮೇಲೆ ಒಂದೇ ಸಲ ಓಡುವ ಸೆಟ್‌ಟೈಮ್‌ಔಟ್‌ನಿಂದ ಮುಂದಿನ ಸರದಿ ಇಡಿ, ಅದನ್ನೂ ಎರರ್ ಬಂದರೂ ತಪ್ಪದೆ ಓಡುವ ಫೈನಲಿ ಭಾಗದ ಒಳಗೇ ಇಡಿ. ಇಲ್ಲದಿದ್ದರೆ ಒಂದು ಎರರ್ ಬಂದ ಕೂಡಲೇ ಸರಪಳಿ ಸದ್ದಿಲ್ಲದೆ ಕಡಿದುಹೋಗುತ್ತದೆ.

ಟೈಮರ್ ಇಟ್ಟಾಗ ಸಿಗುವ ಹ್ಯಾಂಡಲ್, ಅಂದರೆ ಆ ಟೈಮರ್‌ನ ಗುರುತು, ಕಳೆದುಕೊಳ್ಳಬೇಡಿ, ನಿಲ್ಲಿಸಲು ಅದೇ ಬೇಕು. ನೋಡ್‌ನಲ್ಲಿ ಟೈಮರ್ ಬದುಕಿರುವವರೆಗೆ ಪ್ರೋಗ್ರಾಂ ತಾನಾಗಿ ಮುಗಿಯುವುದಿಲ್ಲ. ಹೀಗೆ ತಡೆದು ನಿಲ್ಲಿಸುವುದು ಬೇಡವಾದರೆ ಆ ಟೈಮರ್ ಮೇಲೆ ಅನ್‌ರೆಫ್ ಅನ್ನೋ ಫಂಕ್ಷನ್ ಕರೆಯಿರಿ.

ಇನ್ನು ತಿಂಗಳಿಗೊಮ್ಮೆ ಓಡಬೇಕಾದ ಕೆಲಸ. ಸುಮ್ನೆ 30 ದಿನವನ್ನು ಮಿಲಿಸೆಕೆಂಡು ಮಾಡಿ ಕೊಟ್ಟುಬಿಡಬೇಡಿ. ನೋಡ್‌ನಲ್ಲಿ ಗರಿಷ್ಠ ಮಿತಿ 2147483647 ಮಿಲಿಸೆಕೆಂಡು, ಅಂದರೆ 25 ದಿನಕ್ಕೂ ಸ್ವಲ್ಪ ಕಡಿಮೆ. ಅದನ್ನು ದಾಟಿದರೆ ಅವಧಿ 1 ಮಿಲಿಸೆಕೆಂಡಿಗೆ ಇಳಿಯುತ್ತದೆ, ತಿಂಗಳಿಗೊಮ್ಮೆ ಬರಬೇಕಾದ ಕರೆ ಎಡೆಬಿಡದೆ ಬರುತ್ತದೆ. ಗಂಟೆಗೊಮ್ಮೆ ಎದ್ದು, ದಿನಾಂಕ ನೋಡಿ, ದಿನ ಬಂದಿಲ್ಲದಿದ್ದರೆ ಮತ್ತೆ ಮಲಗುವ ಟೈಮರ್ ಇಡಿ.