ಕೆಮ್ಮಿನ ಸಿರಪ್ಪಿನೊಳಗಿನ ಅಫೀಮು

ಮಾನ್ಯ ಸಭಿಕರೇ,

ಆಟಿ ಅಮಾವಾಸ್ಯೆಯ ಮುಂಜಾನೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವ ರೂಢಿ ಉಡುಪಿ, ಮಂಗಳೂರುಗಳ ಸುತ್ತ ಇಂದಿಗೂ ಉಳಿದಿದೆ. ಆ ಕಷಾಯಕ್ಕೆ ಹಿರಿಯರು ಹಾಕಿದ ಕಟ್ಟುಪಾಡುಗಳನ್ನು ನೆನಪಿಸಿಕೊಳ್ಳಿ: ವರ್ಷಕ್ಕೆ ಒಂದೇ ದಿನ, ಬರಿಹೊಟ್ಟೆಯಲ್ಲಿ, ಅಳತೆ ಮೀರದಂತೆ, ಅದರ ಮೇಲೆ ಮೆಂತ್ಯದ ಗಂಜಿ, ಎಲ್ಲಕ್ಕಿಂತ ಮಿಗಿಲಾಗಿ, ಮರದ ಗುರುತು ಬಲ್ಲವರೇ ತೊಗಟೆ ತರಬೇಕು, ಏಕೆಂದರೆ ನಸುಗತ್ತಲಲ್ಲಿ ಪಾಲೆಯೆಂದು ಕಾಸರಕನ ತೊಗಟೆಯನ್ನು ಕೆತ್ತಿ ತಂದರೆ ಜೀವಕ್ಕೇ ಸಂಚಕಾರ. ಇಷ್ಟು ಎಚ್ಚರವಿರುವ ಅದೇ ಮನೆಯಲ್ಲಿ, ಹೋದ ವರ್ಷ ಯಾರಿಗೋ ತಂದು ಉಳಿದ ಕೆಮ್ಮಿನ ಸಿರಪ್ಪನ್ನು ಹೆಸರನ್ನೂ ಓದದೆ ಬಾಟಲಿಯಿಂದಲೇ ಗುಟುಕರಿಸುವವರಿದ್ದಾರೆ.

ನಾನಿಂದು ಮಾತನಾಡಲಿರುವುದು ಎಲ್ಲ ಕೆಮ್ಮಿನ ಸಿರಪ್ಪುಗಳ ಕುರಿತಲ್ಲ. ಕೊಡೈನ್ ಮತ್ತು ಕ್ಲೋರ್‌ಫೆನಿರಮೈನ್ ಎಂಬ ಎರಡು ಮದ್ದುಗಳು ಜೊತೆಯಾಗಿರುವ, ವೈದ್ಯರ ಚೀಟಿಯಿಲ್ಲದೆ ಮಾರಬಾರದ ಸಿರಪ್ಪಿನ ಕುರಿತು. ಕೊಡೈನನ್ನು 1832ರಲ್ಲಿ ರೋಬಿಕೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಅಫೀಮಿನಿಂದ ಬೇರ್ಪಡಿಸಿದನು. ಸಾಮಾನ್ಯವಾಗಿ ದೊರೆಯುತ್ತಿದ್ದ ಸಿರಪ್ಪಿನ ಪ್ರತಿ 5 ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಕೊಡೈನ್ ಮತ್ತು 4 ಮಿಲಿಗ್ರಾಂ ಕ್ಲೋರ್‌ಫೆನಿರಮೈನ್ ಇರುತ್ತಿದ್ದವು. ಹಣ್ಣಿನ ಪರಿಮಳವೂ ಸಕ್ಕರೆಯ ಪಾಕವೂ ಸೇರಿ ಇದೊಂದು ಸೌಮ್ಯವಾದ ಪದಾರ್ಥವೆಂಬ ಭಾವನೆ ಹುಟ್ಟಿಸುತ್ತವೆ. ಕಷಾಯಕ್ಕೆ ಅದರ ಕಹಿಯೇ ಕಾವಲಾಗಿರುವಂತೆ ಇದಕ್ಕೆ ಯಾವ ಕಾವಲೂ ಇಲ್ಲ.

ಜನ ಇದನ್ನು ಎದೆಯ ಮದ್ದು ಎಂದು ಭಾವಿಸುತ್ತಾರೆ. ವಾಸ್ತವದಲ್ಲಿ ಇದು ಕೆಲಸ ಮಾಡುವುದು ತಲೆಯಲ್ಲಿ. ಗಂಟಲಲ್ಲಿ ಕೆರೆತ ಉಂಟಾದಾಗ ಆ ಸುದ್ದಿ ಮೆದುಳಿನ ಬುಡಕ್ಕೆ ಮುಟ್ಟಿ, ಅಲ್ಲಿಂದ ಕೆಮ್ಮೆಂಬ ಆಜ್ಞೆ ಹೊರಡುತ್ತದೆ. ಕೊಡೈನ್ ಆ ಆಜ್ಞೆಯನ್ನು ಮಂಕಾಗಿಸುತ್ತದೆ. ಉಸಿರಾಟವನ್ನು ನಡೆಸುವ ಕೇಂದ್ರವೂ ಅದೇ ನೆರೆಹೊರೆಯಲ್ಲಿದೆ, ಮತ್ತು ಪ್ರಮಾಣ ಹೆಚ್ಚಾದರೆ ಅದೂ ಮಂಕಾಗುತ್ತದೆ. ಈ ಸಿರಪ್ಪಿನ ಬಗೆಗೆ ವೈದ್ಯರು ಹೇಳುವ ಎಚ್ಚರಿಕೆಗಳಲ್ಲಿ ಬಹುಪಾಲು ಈ ನೆರೆಹೊರೆಯ ಸಂಬಂಧದಿಂದಲೇ ಬಂದವು. ಕಫ ತುಂಬಿದ ಎದೆಗೆ ಇದನ್ನು ಕುಡಿದರೆ, ಹೊರಗೆ ಬರಬೇಕಾದ ಕಫ ಒಳಗೇ ಉಳಿಯುತ್ತದೆ. ಉಬ್ಬಸದವರಿಗೆ ಅದು ಅಪಾಯಕ್ಕೂ ದಾರಿಯಾದೀತು. ಸಾಮಾನ್ಯ ನೆಗಡಿಯ ಕೆಮ್ಮಿನಲ್ಲಂತೂ ಕೊಡೈನ್ ಔಷಧವಿಲ್ಲದ ಬರಿಯ ಸಿರಪ್ಪಿಗಿಂತ ಹೆಚ್ಚು ಗುಣ ಕೊಡುತ್ತದೆ ಎಂಬುದನ್ನು ಪ್ರಯೋಗಗಳು ತೋರಿಸಿಕೊಟ್ಟಿಲ್ಲ.

ಯಾವ ಕೆಮ್ಮು ಎಂಬುದನ್ನು ಮೊದಲು ಕೇಳಬೇಕೆನ್ನುವುದು ಇದಕ್ಕಾಗಿಯೇ. ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಬೇಕಾದದ್ದು ಕ್ಷಯರೋಗಕ್ಕಾಗಿ ಕಫದ ಪರೀಕ್ಷೆ. ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ರಕ್ತದೊತ್ತಡಕ್ಕೆ ಎನಾಲಪ್ರಿಲ್ ಅಥವಾ ರಾಮಿಪ್ರಿಲ್ ಮಾತ್ರೆ ನುಂಗುವವರಲ್ಲಿ ಕೆಲವರಿಗೆ ಆ ಮಾತ್ರೆಯಿಂದಲೇ ಒಣಕೆಮ್ಮು ಹತ್ತುತ್ತದೆ. ಅಂಥವರು ಎಷ್ಟು ಬಾಟಲಿ ಖಾಲಿ ಮಾಡಿದರೂ ಕೆಮ್ಮು ಬಿಡುವುದಿಲ್ಲ. ವೈದ್ಯರು ಮಾತ್ರೆ ಬದಲಿಸಿದರೆ ಕೆಲವು ವಾರಗಳಲ್ಲಿ ತಾನಾಗಿ ಬಿಡುತ್ತದೆ.

ಸಿರಪ್ಪಿನ ಎರಡನೆಯ ಮದ್ದನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾನೂ ಹಿಡಿದಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದಲ್ಲಿ, ರಾತ್ರಿಯಿಡೀ ಕೆಮ್ಮುತ್ತಿದ್ದ ನನ್ನ ತಂದೆಯವರಿಗೆ ನಾನೇ ಈ ಸಿರಪ್ಪನ್ನು ಅಳೆದು ಕೊಟ್ಟೆ. ಅವರ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿದೆ ಎಂಬುದು ಗೊತ್ತಿದ್ದೂ, ಆ ಕ್ಷಣದಲ್ಲಿ ಮಗನಾಗಿದ್ದೆನೇ ಹೊರತು ವೈದ್ಯನಾಗಿರಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವರಿಗೆ ಮೂತ್ರ ಕಟ್ಟಿ, ಆಸ್ಪತ್ರೆಯಲ್ಲಿ ನಳಿಕೆ ಹಾಕಿಸಬೇಕಾಯಿತು. ಕ್ಲೋರ್‌ಫೆನಿರಮೈನ್ ಹಳೆಯ ತಲೆಮಾರಿನ ಅಲರ್ಜಿ ಮದ್ದು. ಮೂಗು ಸೋರುವುದನ್ನು ಒಣಗಿಸುವ ಅದೇ ಗುಣದಿಂದ ಬಾಯಿಯನ್ನೂ ಒಣಗಿಸುತ್ತದೆ, ಮೂತ್ರವನ್ನು ತಡೆಯುತ್ತದೆ, ಕೆಲವು ಬಗೆಯ ಗ್ಲುಕೋಮಾ ಇರುವವರ ಕಣ್ಣಿನ ಒತ್ತಡವನ್ನು ಏರಿಸುತ್ತದೆ, ವಯಸ್ಸಾದವರಲ್ಲಿ ಗೊಂದಲವನ್ನೂ ತರುತ್ತದೆ. ಕೊಡೈನಿನಿಂದ ಮಲಬದ್ಧತೆ ಬೇರೆ.

ಎರಡು ಮದ್ದುಗಳೂ ನಿದ್ದೆ ತರಿಸುವುದರಿಂದ, ಅವುಗಳಿಗೆ ಮದ್ಯವನ್ನಾಗಲಿ ಆಲ್ಪ್ರಜೋಲಾಮಿನಂಥ ನಿದ್ದೆಮಾತ್ರೆಯನ್ನಾಗಲಿ ಸೇರಿಸಿದರೆ ಉಸಿರು ಕುಂಠಿತವಾಗುವ ಅಪಾಯ ಬಹಳ ಹೆಚ್ಚುತ್ತದೆ. ಇದನ್ನು ಕುಡಿದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿಯಿಂದ ಮಂಗಳೂರಿಗೆ ವಾಹನ ಓಡಿಸಬಾರದು. ಮಲ್ಪೆಯಿಂದ ಆಳಸಮುದ್ರಕ್ಕೆ ಹೊರಡುವ ಬೋಟಿನವರಿಗೂ ಇದೇ ಮಾತು ಸಲ್ಲುತ್ತದೆ. ತೂಕಡಿಸುತ್ತಾ ಬಲೆಯ ಹಗ್ಗದ ಬಳಿ ನಿಲ್ಲುವುದು ಎಂಥದ್ದೆಂದು ಅವರಿಗೆ ನಾನು ವಿವರಿಸಬೇಕಾಗಿಲ್ಲ.

ಮಕ್ಕಳ ವಿಚಾರದಲ್ಲಿ ಚೌಕಾಸಿಗೆ ಎಡೆಯಿಲ್ಲ. ಕೊಡೈನ್ ನಮ್ಮ ಯಕೃತ್ತಿನಲ್ಲಿ ಭಾಗಶಃ, ತನಗಿಂತ ಪ್ರಬಲವಾದ, ಉಸಿರನ್ನು ಕುಗ್ಗಿಸುವ ಮಾರ್ಫಿನ್ ಆಗಿ ಬದಲಾಗುತ್ತದೆ. ಕೆಲವರಲ್ಲಿ ಈ ಬದಲಾವಣೆ ಹುಟ್ಟಿನಿಂದಲೇ ಅತಿವೇಗದ್ದು. ಮಗು ಅಂಥದ್ದೇ ಎಂಬುದು ಹೊರನೋಟಕ್ಕೆ ತಿಳಿಯುವುದಿಲ್ಲ, ಕೊಟ್ಟದ್ದು ಸರಿಯಾದ ಪ್ರಮಾಣವೇ ಆಗಿದ್ದರೂ ರಕ್ತದಲ್ಲಿ ಮಾರ್ಫಿನ್ ಮಿತಿಮೀರಬಹುದು. ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿ 12 ವರ್ಷದೊಳಗಿನವರಿಗೆ ಕೊಡೈನನ್ನು ನಿಷಿದ್ಧವೆಂದು ಸಾರಿದರು. 2018ರಲ್ಲಿ ಕೊಡೈನ್ ಇರುವ ಕೆಮ್ಮಿನ ಮದ್ದುಗಳನ್ನು 18 ತುಂಬಿದವರಿಗೆ ಮಾತ್ರ ಸೀಮಿತಗೊಳಿಸಿದರು. ಹಾಲುಣಿಸುವ ತಾಯಂದಿರೂ ಇದನ್ನು ಕುಡಿಯಬಾರದು, ಏಕೆಂದರೆ ಆ ಮಾರ್ಫಿನ್ ಎದೆಹಾಲಿಗೂ ಇಳಿಯುತ್ತದೆ. ಒಂದು ವರ್ಷ ದಾಟಿದ ಮಗುವಿನ ನೆಗಡಿ ಕೆಮ್ಮಿಗೆ ಮಲಗುವ ಮುನ್ನ ಒಂದು ಚಮಚ ಜೇನು ಕೊಟ್ಟರೆ ಈ ಯಾವ ಭಯವೂ ಇಲ್ಲ.

ಚಮಚದ ಮಾತು ಬಂದದ್ದರಿಂದ ಹೇಳುತ್ತೇನೆ: ಅಡುಗೆಮನೆಯ ಚಮಚ ಅಳತೆಯ ಸಾಧನವಲ್ಲ. ಚಹಾ ಚಮಚವೆಂದರೆ 5 ಮಿಲಿಲೀಟರ್, ದೊಡ್ಡ ಚಮಚವೆಂದರೆ 15. ಎರಡಕ್ಕೂ ನಾವು ಕರೆಯುವ ಹೆಸರು ಒಂದೇ. ಬಾಟಲಿಯ ಜೊತೆ ಬರುವ ಗೆರೆಯ ಮುಚ್ಚಳವನ್ನೇ ಬಳಸಬೇಕು. ಒಂದು ಹೊತ್ತಿನ ಮದ್ದು ಮರೆತುಹೋದರೆ ಮುಂದಿನ ಹೊತ್ತಿಗೆ ಇಮ್ಮಡಿ ಕುಡಿಯಬಾರದು.

ಇನ್ನು ಕಾನೂನು. ಕೊಡೈನ್ ನಮ್ಮಲ್ಲಿ ಎಚ್1 ಪಟ್ಟಿಯ ಮದ್ದು. ಮೆಡಿಕಲ್ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು, ಅದನ್ನು 3 ವರ್ಷ ಕಾಯ್ದಿಡಬೇಕು. ಕೇಂದ್ರ ಸರಕಾರ 2023ರ ಜೂನಿನಲ್ಲಿ ನಿಷೇಧಿಸಿದ 14 ಮಿಶ್ರ ಔಷಧಗಳ ಪಟ್ಟಿಯಲ್ಲಿ ಕ್ಲೋರ್‌ಫೆನಿರಮೈನ್ ಮತ್ತು ಕೊಡೈನ್ ಜೋಡಿಯ ಸಿರಪ್ಪೂ ಇತ್ತು. ಆದ್ದರಿಂದ ಹಳೆಯ ಬಾಟಲಿ ಮನೆಯಲ್ಲಿದ್ದರೆ, ಅದನ್ನು ವೈದ್ಯರಿಗೆ ತೋರಿಸದೆ ಮುಟ್ಟಬೇಡಿ. ಚೀಟಿ ಕೇಳಿದ ಅಂಗಡಿಯವರ ಮೇಲೆ ಮುನಿಸಿಕೊಳ್ಳುವುದನ್ನು ನಾನು ಕಂಡಿದ್ದೇನೆ. ನನ್ನ ಮಟ್ಟಿಗೆ, ಕೇಳದೆ ಕೊಡುವ ಅಂಗಡಿಗೆ ಮತ್ತೆ ಹೋಗಬಾರದು.

ವಾರಗಟ್ಟಲೆ ಕುಡಿದವರಿಗೆ ಇದು ಅಂಟಿಕೊಳ್ಳುತ್ತದೆ, ಮತ್ತು ಹಾಗೆ ಅಂಟಿಕೊಂಡದ್ದು ಶೀಲದ ದೋಷವಲ್ಲ. ದಿಢೀರನೆ ಬಿಟ್ಟರೆ ಮೈಕೈ ನೋವು, ಬೇಧಿ, ನಿದ್ರಾಹೀನತೆ, ಚಡಪಡಿಕೆ ಕಾಡುವುದರಿಂದ ವೈದ್ಯರ ನಿಗಾದಲ್ಲಿ ಹಂತಹಂತವಾಗಿ ಬಿಡಬೇಕು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಹಣ ಕೊಡದೆ ಕರೆ ಮಾಡಬಹುದು.

ಕೊನೆಯದಾಗಿ, ಪ್ರಮಾಣ ಮೀರಿದ್ದರ ಲಕ್ಷಣಗಳು: ಅಲುಗಾಡಿಸಿದರೂ ಎಚ್ಚರವಾಗದಿರುವುದು, ನಿಧಾನವಾದ ಅಥವಾ ತಡೆತಡೆದು ಬರುವ ಉಸಿರು, ಸೂಜಿಮೊನೆಯಷ್ಟು ಕಿರಿದಾದ ಕಣ್ಣಿನ ಪಾಪೆ, ನೀಲಿಗಟ್ಟಿದ ತುಟಿ. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ನೀರು ಹಾಕಬೇಡಿ, ಪಕ್ಕದಿಂದ ಏಳಬೇಡಿ. ಆಸ್ಪತ್ರೆಗೆ ಹೊರಡುವಾಗ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಅಫೀಮಿನ ಜಾತಿಯ ಮದ್ದುಗಳನ್ನು ಮಣಿಸುವ ನಾಲೋಕ್ಸೋನ್ ಎಂಬ ಚುಚ್ಚುಮದ್ದಿದೆ; ಬಾಟಲಿಯ ಮೇಲೆ ಕೊಡೈನ್ ಎಂಬ ಹೆಸರು ಕಂಡರೆ ಅಲ್ಲಿನ ವೈದ್ಯರು ಬೇರೇನನ್ನೂ ಹುಡುಕುತ್ತಾ ಕೂರುವುದಿಲ್ಲ.