ಮೊದಲ ಫನ್ನಿ ಕಾರ್ ಯಾವುದು? ನನ್ನ ಮತ ಕ್ರಿಸ್‌ಮನ್ ಅವರ ಕಾಮೆಟ್‌ಗೆ

ನಮಸ್ಕಾರ. ನನ್ನ ಫೋನಿನಲ್ಲಿ 1965ರ ಒಂದು ಡಾಜ್ ಕಾರಿನ ಫೋಟೋ ಇದೆ. ಪಕ್ಕದಿಂದ ತೆಗೆದದ್ದು. ಮೊದಲ ಸಲ ನೋಡಿದಾಗ ಫೋಟೋದಲ್ಲೇ ಏನೋ ತಪ್ಪಿದೆ ಅಂದುಕೊಂಡೆ. ಹಿಂದಿನ ಚಕ್ರ ಬಾಗಿಲಿನ ಬೆನ್ನಿಗೇ ಬಂದು ಕೂತಿದೆ. ಅದರ ಹಿಂದೆ ಡಿಕ್ಕಿ ಉದ್ದಕ್ಕೆ ಚಾಚಿಕೊಂಡಿದೆ. ಮುಂದಿನ ಚಕ್ರ ಇನ್ನೇನು ಬಂಪರ್‌ಗೆ ತಾಗುತ್ತದೆ ಅನ್ನುವಷ್ಟು ಮುಂದಕ್ಕೆ ಹೋಗಿದೆ. ಯಾರೋ ಕಾರನ್ನು ಮೇಲೆತ್ತಿ, ಚಕ್ರಗಳನ್ನೆಲ್ಲ ಮುಂದಕ್ಕೆ ತಳ್ಳಿ, ಮತ್ತೆ ಕೆಳಗಿಳಿಸಿದ ಹಾಗೆ.

ಅಮೆರಿಕದ ಡ್ರ್ಯಾಗ್ ರೇಸ್ ಮೈದಾನಗಳಲ್ಲಿ ಇದನ್ನು ನೋಡಿದ ಜನಕ್ಕೂ ಹಾಗೇ ಅನಿಸಿತು. 'ಫನ್ನಿ' ಅಂದರು. ತಮಾಷೆ ಅನ್ನುವ ಅರ್ಥದಲ್ಲಲ್ಲ, 'ಇದೇನು ವಿಚಿತ್ರವಾಗಿದೆ' ಅನ್ನುವ ಅರ್ಥದಲ್ಲಿ. ಆ ಹೆಸರೇ ಅಂಟಿಕೊಂಡಿತು. ಇವತ್ತಿಗೂ ಆ ಕ್ಲಾಸಿನ, ಅಂದರೆ ಆ ರೇಸ್ ವಿಭಾಗದ ಹೆಸರು ಫನ್ನಿ ಕಾರ್.

ಹೆಸರು ಇಲ್ಲಿಂದ ಬಂತು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಹೆಸರು ಎಲ್ಲಿಂದ ಬಂತೋ ಕಾರೂ ಅಲ್ಲಿಂದಲೇ ಬಂತು ಅನ್ನುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಇವತ್ತು ಮಾತಾಡಬೇಕಿರುವುದು ಅದನ್ನೇ.

ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಡ್ರ್ಯಾಗ್ ರೇಸ್ ಅಂದರೆ ನೇರ ಹಾದಿ, ಎರಡು ಕಾರು, ನಿಂತ ಜಾಗದಿಂದ ಓಟ. ಮೊದಲಿನಿಂದ ಬಂದ ದೂರ ಕಾಲು ಮೈಲಿ, ಅಂದರೆ 402 ಮೀಟರ್. 2008ರಲ್ಲಿ ಸ್ಕಾಟ್ ಕಲಿಟಾ ಅನ್ನುವ ಚಾಲಕರು ಫನ್ನಿ ಕಾರ್ ಓಡಿಸುತ್ತಾ ಸತ್ತರು. ಆಮೇಲೆ ಅತಿ ವೇಗದ ಕ್ಲಾಸುಗಳಿಗೆ ಓಟದ ದೂರವನ್ನು 1000 ಅಡಿಗೆ ಇಳಿಸಿದರು. ಇವತ್ತಿನ ಫನ್ನಿ ಕಾರ್ ಆ 1000 ಅಡಿಯನ್ನು 4 ಸೆಕೆಂಡಿನೊಳಗೆ ಮುಗಿಸುತ್ತದೆ. ಅಷ್ಟರಲ್ಲೇ ಗಂಟೆಗೆ 530 ಕಿಲೋಮೀಟರ್ ವೇಗ ದಾಟಿರುತ್ತದೆ. ಹೊರಗೆ ಮಸ್ಟಾಂಗ್ ಅಥವಾ ಕಮಾರೊ ತರಹದ ಬಾಡಿ. ಒಳಗೆ ನೈಟ್ರೊಮೀಥೇನ್ ಅನ್ನುವ ಇಂಧನ ಕುಡಿಯುವ, ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಹೊತ್ತ ಎಂಜಿನ್. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಕಾರಿನ ಮೈ, ಡ್ರ್ಯಾಗ್‌ಸ್ಟರ್‌ನ, ಅಂದರೆ ಈ ಓಟಕ್ಕೆಂದೇ ಕಟ್ಟಿದ ಯಂತ್ರದ ಎದೆ.

ಈಗ ಆ ವಿಚಿತ್ರ ಡಾಜ್ ಹತ್ತಿರ ಬರೋಣ. ಚಕ್ರ ಯಾಕೆ ಮುಂದಕ್ಕೆ ಬಂತು? ಎತ್ತಿನ ಗಾಡಿಗೆ ಹೇರು ಹಾಕುವುದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅಚ್ಚಿನ ಹಿಂದೆ ಭಾರ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ. ಹೇರನ್ನು ಹಿಂದಕ್ಕೆ ಸರಿಸಿದರೂ ಒಂದೇ, ಅಚ್ಚನ್ನು ಮುಂದಕ್ಕೆ ತಂದರೂ ಒಂದೇ. ಆಗಿನ ರೇಸ್ ಕಾರುಗಳ ಕಷ್ಟ ಶಕ್ತಿ ಸಾಲದ್ದಲ್ಲ. ಟೈರ್ ಹಿಡಿತ ಸಾಲದೆ ಜಾಗದಲ್ಲೇ ಗಿರಕಿ ಹೊಡೆಯುತ್ತಿತ್ತು. ಹಾಗಾಗಿ ಹಿಂದಿನ ಚಕ್ರದ ಮೇಲೆ ಭಾರ ಬೀಳಬೇಕು. ಡಾಜ್, ಪ್ಲಿಮತ್ ಕಾರು ಮಾಡುತ್ತಿದ್ದ ಕ್ರೈಸ್ಲರ್ ಕಂಪನಿಯ ಎಂಜಿನಿಯರ್‌ಗಳು ಹಿಂದಿನ ಆಕ್ಸೆಲನ್ನು 15 ಇಂಚು ಮುಂದಕ್ಕೆ ತಂದರು. ಅಂದರೆ ಒಂದೂಕಾಲು ಅಡಿ! ಮುಂದಿನ ಚಕ್ರವನ್ನು 10 ಇಂಚು ಮುಂದಕ್ಕೆ ಸರಿಸಿದರು. ತೂಕ ಇಳಿಸಲು ಉಕ್ಕಿನ ಬಾಡಿಯನ್ನು ಆಸಿಡ್‌ನಲ್ಲಿ ಅದ್ದಿ ತೆಳ್ಳಗೆ ಮಾಡಿದರು. ಬಾಗಿಲು, ಬಾನೆಟ್, ಮಡ್‌ಗಾರ್ಡ್ ಎಲ್ಲ ಫೈಬರ್‌ಗ್ಲಾಸ್. ಡಾಜ್, ಪ್ಲಿಮತ್ ಎರಡೂ ಸೇರಿ ಇಂಥವು ಹನ್ನೆರಡರ ಆಸುಪಾಸಿನಷ್ಟೇ. ಡಿಕ್ ಲ್ಯಾಂಡಿ, ರಾನಿ ಸಾಕ್ಸ್ ತರಹದ ಹೆಸರುವಾಸಿ ಚಾಲಕರ ಕೈಗೆ ಅವು ಹೋದವು.

ಎನ್‌ಎಚ್‌ಆರ್‌ಎ, ಅಂದರೆ ಈ ಆಟದ ದೊಡ್ಡ ಸಂಸ್ಥೆ, ಇವನ್ನು ಒಳಗೆ ಬಿಡಲಿಲ್ಲ. 1951ರಲ್ಲಿ ವಾಲಿ ಪಾರ್ಕ್ಸ್ ಕಟ್ಟಿದ ಸಂಸ್ಥೆ ಅದು. ಕಾರ್ಖಾನೆಗಳ ಪ್ರಯೋಗದ ಕಾರುಗಳಿಗೆ ಅಂತಲೇ ಅಲ್ಲಿ 'ಫ್ಯಾಕ್ಟರಿ ಎಕ್ಸ್‌ಪೆರಿಮೆಂಟಲ್' ಎಂಬ ಕ್ಲಾಸ್ ಇತ್ತು. ಆದರೆ ಚಕ್ರ ಸರಿಸಲು ನಿಯಮ ಬಿಡುತ್ತಿದ್ದದ್ದು ಬರೀ 2 ಪರ್ಸೆಂಟ್. ಅದರ ಎದುರಾಳಿ ಸಂಸ್ಥೆ ಎಎಚ್‌ಆರ್‌ಎ 'ಬನ್ನಿ' ಅಂದಿತು. ಊರೂರಿನ ಟ್ರ್ಯಾಕ್ ಮಾಲೀಕರೂ ದುಡ್ಡು ಕೊಟ್ಟು ಕರೆಸಿ, ಇಬ್ಬರನ್ನು ಜೋಡಿ ಮಾಡಿ ಓಡಿಸಿದರು. ಅಲ್ಲಿ ನಿಯಮದ ಪುಸ್ತಕ ಯಾರ ಕೈಯಲ್ಲೂ ಇರಲಿಲ್ಲ. ಶುರುವಿನಲ್ಲಿ ಕಾರ್ಬ್ಯುರೇಟರ್, ಪೆಟ್ರೋಲ್. ಸ್ವಲ್ಪ ದಿನಕ್ಕೆ ಫ್ಯುಯೆಲ್ ಇಂಜೆಕ್ಷನ್. ಆಮೇಲೆ ನೈಟ್ರೊ ಬೆರಕೆ. ವರ್ಷ ಮುಗಿಯುವ ಹೊತ್ತಿಗೆ ಕೆಲವರು ಬ್ಲೋವರ್, ಅಂದರೆ ಸೂಪರ್‌ಚಾರ್ಜರ್ ಕೂಡ ಹೊರಿಸಿದ್ದರು.

ಆ ಕಾಲದ ಬಗ್ಗೆ ಮಾತಾಡುವಾಗ ನಾವು ಬರೀ ಸಂಭ್ರಮ ಪಡುತ್ತೇವೆ. ನನಗೆ ಅದು ಸರಿ ಕಾಣುವುದಿಲ್ಲ. ಅದೇ 1965ರಲ್ಲಿ, ಸುತ್ತು ಹಾದಿಯ ಕಾರ್ ರೇಸ್ ನಡೆಸುವ ಸಂಸ್ಥೆ ನಾಸ್ಕಾರ್, ಕ್ರೈಸ್ಲರ್‌ನ ಹೆಮಿ ಎಂಜಿನ್ ನಿಷೇಧ ಮಾಡಿತು. ಕ್ರೈಸ್ಲರ್ ಮುನಿಸಿಕೊಂಡು ಹೊರಬಂತು. ನಾಸ್ಕಾರ್ ಚಾಂಪಿಯನ್ ರಿಚರ್ಡ್ ಪೆಟ್ಟಿ ಡ್ರ್ಯಾಗ್ ರೇಸಿಗೆ ಬಂದರು. ಹೆಮಿ ಹಾಕಿದ ಪ್ಲಿಮತ್ ಬರಾಕುಡಾ ಕಾರು, ಬಾಗಿಲ ಮೇಲೆ 'ಔಟ್‌ಲಾಡ್', ಅಂದರೆ ನಿಷೇಧವಾದದ್ದು, ಅಂತ ಬರಹ. ಜಾರ್ಜಿಯಾದ ಒಂದು ಟ್ರ್ಯಾಕಿನಲ್ಲಿ ಆ ಕಾರು ಹಾದಿ ಬಿಟ್ಟು ಜನರ ಕಡೆ ನುಗ್ಗಿತು. ಒಬ್ಬ ಪುಟ್ಟ ಹುಡುಗ ಸತ್ತ. ರೇಸ್ ನೋಡಲು ಬಂದಿದ್ದ ಮಗು. ನಿಯಮ ಹೇಳುವವರನ್ನು ಸುಮ್ನೆ ಬೈಯುವ ಮುಂಚೆ ನನಗೆ ಈ ಸಂಗತಿ ನೆನಪಾಗುತ್ತದೆ.

ಸರಿ, 1965ರ ಪಕ್ಷದವರ ವಾದ ಇಷ್ಟು. ಹೆಸರು ಇಲ್ಲಿ ಹುಟ್ಟಿತು, ನಿಯಮದ ಬೇಲಿ ಇಲ್ಲಿ ಮುರಿಯಿತು, ಹಾಗಾಗಿ ಕ್ಲಾಸೂ ಇಲ್ಲೇ ಹುಟ್ಟಿತು. ಬಲವಾದ ವಾದವೇ. ಆದರೆ ಆ ಕಾರನ್ನೇ ಇನ್ನೊಮ್ಮೆ ನೋಡಿ. ಶುರುವಿನಲ್ಲಿ ಅದರಲ್ಲಿ ಬ್ಲೋವರ್ ಇಲ್ಲ, ನೈಟ್ರೊ ಇಲ್ಲ. ಚಕ್ರ ಸರಿಸಿದ, ತೂಕ ಇಳಿಸಿದ ಕಾರು ಅದು. ಮುಂದೆ ಫನ್ನಿ ಕಾರ್ ಯಾವ ದಾರಿ ಹಿಡಿಯಿತೋ ಆ ದಾರಿಗೆ ಇದು ನಡುವೆ ಬಂದು ಸೇರಿತು. ದಾರಿ ತೆಗೆದದ್ದು ಇದಲ್ಲ.

ಇನ್ನು ಕೆಲವರು 1966 ಅನ್ನುತ್ತಾರೆ. ಆ ವರ್ಷ ಮರ್ಕ್ಯುರಿ ಕಂಪನಿ ಕಾಮೆಟ್ ಕಾರಿನ ಆಕಾರದ ಪೂರ್ತಿ ಫೈಬರ್‌ಗ್ಲಾಸ್ ಬಾಡಿ ಮಾಡಿಸಿತು. ಅದರ ಅಡಿಗೆ ಮಿಷಿಗನ್‌ನ ಲಾಗಿ ಸಹೋದರರು ಪೈಪಿನ ಚಾಸಿ ಕಟ್ಟಿದರು. ಡಾನ್ ನಿಕಲ್ಸನ್, ಎಲ್ಲರ ಬಾಯಲ್ಲೂ 'ಡೈನೊ ಡಾನ್', ಅದರಲ್ಲಿ ಒಂದನ್ನು ಓಡಿಸಿದರು. ಬಾಡಿಗೆ ಹಿಂದೆ ಕೀಲು. ಮುಂದಿನಿಂದ ಎತ್ತಿದರೆ ಇಡೀ ಕಾರು ಪೆಟ್ಟಿಗೆಯ ಮುಚ್ಚಳದ ಹಾಗೆ ಮೇಲೇಳುತ್ತದೆ. ಒಂದು ಕೋಲು ಆನಿಸಿ ನಿಲ್ಲಿಸುವುದು. ಕೆಳಗೆ ಬರೀ ಪೈಪು, ಎಂಜಿನ್ನು, ಒಂದು ಸೀಟು. ಇವತ್ತಿನ ಫನ್ನಿ ಕಾರ್ ಕೂಡ ಹೀಗೇ ತೆರೆದುಕೊಳ್ಳುತ್ತದೆ. ಹಾಗಾಗಿ ಅಸ್ಥಿಪಂಜರ 1966ರದ್ದು, ಅದನ್ನು ಒಪ್ಪುತ್ತೇನೆ. ಆದರೆ ಮೊದಲ ಕಾರು ಅನ್ನಲಾರೆ. ಆ ಹೊತ್ತಿಗೆ ಎಲ್ಲರೂ 'ಫನ್ನಿ ಕಾರ್' ಅನ್ನುತ್ತಿದ್ದರು. ಹೆಸರಿಟ್ಟು ಕರೆಯುತ್ತಿದ್ದಾರೆ ಅಂದರೆ ಮಗು ಆಗಲೇ ಹುಟ್ಟಿದೆ ಅಂತ ತಾನೇ?

ಹಾಗಾದರೆ ಹುಟ್ಟಿದ್ದು ಎಲ್ಲಿ? ನಾನು 1964ಕ್ಕೆ ಹೋಗುತ್ತೇನೆ. ಇಂಡಿಯಾನಾಪೊಲಿಸ್, ಎನ್‌ಎಚ್‌ಆರ್‌ಎಯ ದೊಡ್ಡ ಸ್ಪರ್ಧೆ ಯುಎಸ್ ನ್ಯಾಷನಲ್ಸ್. ಜ್ಯಾಕ್ ಕ್ರಿಸ್‌ಮನ್.

ಕ್ರಿಸ್‌ಮನ್ ಯಾರು ಅನ್ನುವುದು ಇಲ್ಲಿ ಮುಖ್ಯ. ಅವರು ಡ್ರ್ಯಾಗ್‌ಸ್ಟರ್ ಮನುಷ್ಯ. 1961ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ನಡೆದ ಮೊಟ್ಟಮೊದಲ ವಿಂಟರ್‌ನ್ಯಾಷನಲ್ಸ್ ರೇಸ್ ಗೆದ್ದವರು. ಬಾಗಿಲಿರುವ ಕಾರಿನವರಲ್ಲ. ಆಗಿನ ಡ್ರ್ಯಾಗ್‌ಸ್ಟರ್ ಅಂದರೆ ಎರಡು ಉದ್ದ ಪೈಪು, ಮಧ್ಯೆ ಎಂಜಿನ್, ಹಿಂದೆ ಚಾಲಕ. ವೇಗ ಬೇಕಾದವರು ಅಲ್ಲಿ. ಬೀದಿಯ ಕಾರನ್ನು ಓಡಿಸುವವರು ಇಲ್ಲಿ. ಎರಡೂ ಬೇರೆ ಬೇರೆ ಕೇರಿಯಾಗಿದ್ದವು. ಜನಕ್ಕೋ, ತಮ್ಮ ಮನೆ ಮುಂದೆ ನಿಂತಿರುವ ಕಾರಿನಂಥದ್ದೇ ಕಾರು ಓಡುವುದನ್ನು ನೋಡುವ ಆಸೆ.

ಕ್ರಿಸ್‌ಮನ್ 1964ರ ಮರ್ಕ್ಯುರಿ ಕಾಮೆಟ್ ತೆಗೆದುಕೊಂಡರು. ಕ್ಯಾಲಿಫೋರ್ನಿಯಾದ ಸ್ಯಾಕ್ಸ್ ಅಂಡ್ ಸನ್ಸ್ ಡೀಲರ್ ಬೆನ್ನಿಗೆ ನಿಂತರು. 427 ಕ್ಯೂಬಿಕ್ ಇಂಚಿನ ಎಂಜಿನ್. ಅದರ ಮೇಲೆ ಬ್ಲೋವರ್. ಟ್ಯಾಂಕಿಗೆ ನೈಟ್ರೊ. ಗೇರ್‌ಬಾಕ್ಸ್ ಇಲ್ಲ, ಡ್ರ್ಯಾಗ್‌ಸ್ಟರ್‌ನಲ್ಲಿ ಇರುವಂತೆ ಎಂಜಿನ್ ಶಕ್ತಿ ನೇರವಾಗಿ ಹಿಂದಿನ ಚಕ್ರಕ್ಕೆ. ಡ್ರ್ಯಾಗ್‌ಸ್ಟರ್ ಕೇರಿಯ ಪಾಕವನ್ನು ಹಾಗೇ ತಂದು ಇನ್ನೊಂದು ಪಾತ್ರೆಗೆ ಹಾಕಿದರು.

ನೈಟ್ರೊ ಬಗ್ಗೆ ಸ್ವಲ್ಪ ಹೇಳಲೇಬೇಕು. ಪೆಟ್ರೋಲ್ ಉರಿಯಲು ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ನೈಟ್ರೊಮೀಥೇನ್‌ಗೆ ಸುಮಾರು 1.7 ಪಾಲು ಸಾಕು, ಯಾಕೆಂದರೆ ಅದರೊಳಗೇ ಆಮ್ಲಜನಕ ಇದೆ. ಅದೇ ಗಾಳಿಗೆ ಎಷ್ಟೋ ಪಟ್ಟು ಜಾಸ್ತಿ ಇಂಧನ ಸುರಿಯಬಹುದು. ಈ ಅಬ್ಬರಕ್ಕೆ ಹೆದರಿ ಎನ್‌ಎಚ್‌ಆರ್‌ಎ 1957ರಲ್ಲಿ ನೈಟ್ರೊ ನಿಲ್ಲಿಸಿತ್ತು. 1964ರ ಹೊತ್ತಿಗೆ ಆ ನಿಷೇಧ ಹೋಗಿತ್ತು. ನೈಟ್ರೊ ವಾಪಸ್ ಬರುತ್ತಿದ್ದಂತೆ, ಅದನ್ನು ಬಾಗಿಲಿರುವ ಕಾರಿಗೆ ಸುರಿಯುವ ಯೋಚನೆಯೂ ಬಂತು. ಇದು ಸುಮ್ನೆ ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ.

ಈಗ ಆ ಓಟವನ್ನು ಕಣ್ಣ ಮುಂದೆ ತಂದುಕೊಳ್ಳಿ. ನೋಡಲು ಸಾಧಾರಣ ಎರಡು ಬಾಗಿಲ ಕಾರು. ಹೆಡ್‌ಲೈಟ್ ಇದೆ, ಗ್ರಿಲ್ ಇದೆ. ಆಕ್ಸಿಲರೇಟರ್ ತುಳಿದ ಕ್ಷಣದಿಂದ ಹಿಂದಿನ ಟೈರು ಹೊಗೆ ಉಗುಳಲು ಶುರು. ಗೇರ್ ಇಲ್ಲವಲ್ಲ, ಹೊಗೆ ನಿಲ್ಲುವುದೇ ಇಲ್ಲ. ಹಾದಿಯ ಆ ತುದಿಯವರೆಗೂ ಬಿಳಿ ಹೊಗೆಯ ಗೋಡೆ. 10.13 ಸೆಕೆಂಡ್, ಗಂಟೆಗೆ 156 ಮೈಲಿ, ಅಂದರೆ ಸುಮಾರು 251 ಕಿಲೋಮೀಟರ್. ಕುಟುಂಬದವರು ಕೂತು ಸಂತೆಗೆ ಹೋಗುವಂಥ ಕಾರು!

ಅಧಿಕಾರಿಗಳಿಗೆ ಅದನ್ನು ಎಲ್ಲಿ ಸೇರಿಸುವುದು ಅಂತ ತಿಳಿಯಲಿಲ್ಲ. ಕೊನೆಗೆ ಫ್ಯುಯೆಲ್ ಡ್ರ್ಯಾಗ್‌ಸ್ಟರ್‌ಗಳ, ಅಂದರೆ ನೈಟ್ರೊ ಮೇಲೆ ಓಡುವ ಡ್ರ್ಯಾಗ್‌ಸ್ಟರ್‌ಗಳ ಕ್ಲಾಸಿಗೆ ಸೇರಿಸಿದರು. ನನ್ನ ಇಡೀ ವಾದ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಕಾರುಗಳ ಜೊತೆ ಬಿಡಲು ಆಗಲಿಲ್ಲ, ಹಾಗಂತ ಡ್ರ್ಯಾಗ್‌ಸ್ಟರೂ ಅಲ್ಲ. ಇರುವ ಯಾವ ಡಬ್ಬಿಗೂ ಹಿಡಿಸದ ವಸ್ತು ಬಂದಿದೆ ಅಂದರೆ ಹೊಸ ಜಾತಿ ಹುಟ್ಟಿದೆ ಅಂತಲೇ ಅರ್ಥ ಅಲ್ವಾ?

ಇದಕ್ಕೆ ಒಂದು ಗಟ್ಟಿ ತಕರಾರು ಇದೆ. ಅದನ್ನು ಮುಚ್ಚಿಟ್ಟು ಮಾತಾಡುವುದು ನ್ಯಾಯವಲ್ಲ. ಅದೇ 1964ರಲ್ಲಿ, ಕ್ರಿಸ್‌ಮನ್‌ಗಿಂತ ಮೊದಲೇ, 'ಡಾಜ್ ಚಾರ್ಜರ್ಸ್' ಅನ್ನುವ ತಂಡ ಇತ್ತು. ಡ್ರ್ಯಾಗ್‌ಮಾಸ್ಟರ್ ಸಂಸ್ಥೆ ತಯಾರು ಮಾಡಿದ ಡಾಜ್ ಕಾರುಗಳು. ಅವಕ್ಕೂ ಬ್ಲೋವರ್ ಇತ್ತು. ಜಿಮ್ಮಿ ನಿಕ್ಸ್, ಜಿಮ್ ಜಾನ್ಸನ್ ಓಡಿಸಿದರು. 'ಬ್ಲೋವರ್ ಹೊತ್ತ ಮೊದಲ ಕಾರ್ಖಾನೆ ಕಾರು ಇವೇ, ಹಾಗಾಗಿ ತಾಯಿಬೇರು ಇಲ್ಲಿದೆ' ಅನ್ನುತ್ತಾರೆ. ತುಂಬಾ ದಿನ ನಾನೂ ಹಾಗೇ ನಂಬಿದ್ದೆ. ಮನಸ್ಸು ಬದಲಾದದ್ದು ಎರಡು ಕಾರಣಕ್ಕೆ. ಅವು ಓಡಿದ್ದು ಪೆಟ್ರೋಲ್ ಮೇಲೆ. ಮತ್ತೆ ಅವು ಬಂದದ್ದು ಪ್ರದರ್ಶನಕ್ಕೆ, ಕಂಪನಿಯ ಹೆಸರು ಮೆರೆಸಲು ಅಕ್ಕಪಕ್ಕ ಓಡುವ ಜೋಡಿಯಾಗಿ. ಕ್ರಿಸ್‌ಮನ್ ತಮ್ಮ ಕಾರನ್ನು ದೇಶದ ದೊಡ್ಡ ಸ್ಪರ್ಧೆಗೇ ತಂದು 'ಇದಕ್ಕೆ ಜಾಗ ಕೊಡಿ' ಅಂದರು. ಚಾರ್ಜರ್ಸ್ ತಂಡಕ್ಕೆ ಸಲ್ಲಬೇಕಾದ ಗೌರವ ದೊಡ್ಡದು, ಅದು ಅವರಿಗೆ ಸಿಕ್ಕೇ ಇಲ್ಲ ಅನ್ನುವ ಬೇಸರವೂ ನನಗಿದೆ. ಆದರೆ ಮೊದಲ ಫನ್ನಿ ಕಾರ್ ಅವಲ್ಲ.

ಇನ್ನೊಂದು ಸಂಗತಿ ನನ್ನ ನಂಬಿಕೆಯನ್ನು ಗಟ್ಟಿ ಮಾಡಿತು. 1966ರ ಲಾಗಿ ಚಾಸಿಯ ಕಾಮೆಟ್‌ಗಳ ಬಗ್ಗೆ ಹೇಳಿದೆನಲ್ಲ, ಅದರಲ್ಲಿ ಒಂದು ಮೇಲ್ಛಾವಣಿಯೇ ಇಲ್ಲದ ಕಾರು. ಬ್ಲೋವರ್ ಹೊತ್ತದ್ದು. ಅದನ್ನು ಓಡಿಸಿದವರು ಯಾರು? ಮತ್ತೆ ಜ್ಯಾಕ್ ಕ್ರಿಸ್‌ಮನ್. 1964ರ ಎದೆಯನ್ನು 1966ರ ಅಸ್ಥಿಪಂಜರಕ್ಕೆ ಜೋಡಿಸಿದ್ದೂ ಅವರೇ. 1965ರ ಕಾರುಗಳನ್ನು ನಡುವಿನಿಂದ ತೆಗೆದರೂ ಈ ದಾರ ಕಡಿಯುವುದಿಲ್ಲ. ಕ್ರಿಸ್‌ಮನ್ ಅವರನ್ನು ತೆಗೆದರೆ ಕಡಿಯುತ್ತದೆ.

ಜಗಳ ಇಷ್ಟು ವರ್ಷ ಉಳಿಯಲು ಕಾರಣ ಏನು ಗೊತ್ತಾ? ಈ ಕ್ಲಾಸನ್ನು ಯಾರೂ ಕೂತು ರೂಪಿಸಲಿಲ್ಲ. ಎನ್‌ಎಚ್‌ಆರ್‌ಎ ಫನ್ನಿ ಕಾರ್‌ಗೆ ಅದರದ್ದೇ ಸ್ವಂತ ವಿಭಾಗ ಕೊಟ್ಟದ್ದು 1969ರಲ್ಲಿ. ಆ ವರ್ಷ ಪೊಮೋನಾದಲ್ಲಿ ಕ್ಲೇರ್ ಸ್ಯಾಂಡರ್ಸ್ ಮೊದಲ ಗೆಲುವು ಪಡೆದರು, 'ಜಂಗಲ್ ಜಿಮ್' ಲೀಬರ್‌ಮನ್ ತಂಡದ ನೋವಾ ಕಾರಿನಲ್ಲಿ. ಅಂದರೆ ಹುಟ್ಟಿದ ಐದು ವರ್ಷದ ಮೇಲೆ ಜನನ ಪತ್ರ ಬರೆಸಿದ ಹಾಗಾಯಿತು. ಅಷ್ಟರಲ್ಲಿ ಡಾಜ್‌ನವರು, ಪ್ಲಿಮತ್‌ನವರು, ಮರ್ಕ್ಯುರಿಯವರು ಎಲ್ಲರೂ ನಮ್ಮದೇ ಮಗು ಅನ್ನುವಂತಾಗಿತ್ತು.

ಇವತ್ತಿನ ಫನ್ನಿ ಕಾರ್ ಹತ್ತಿರದಿಂದ ನೋಡಿದರೆ ಹೆಡ್‌ಲೈಟ್ ಕೂಡ ಬರೀ ಸ್ಟಿಕ್ಕರ್. ಬಾಗಿಲು ಇಲ್ಲ, ಬಾಗಿಲಿನ ಗೆರೆ ಮಾತ್ರ ಇರುತ್ತದೆ. ಚಾಲಕರು ಕೂತ ಮೇಲೆ ಇಡೀ ಬಾಡಿಯನ್ನು ಮೇಲಿನಿಂದ ಇಳಿಸುತ್ತಾರೆ. 1964ರಲ್ಲಿ ಇಂಡಿಯಾನಾಪೊಲಿಸ್‌ಗೆ ಬಂದ ಆ ಕಾಮೆಟ್‌ಗೆ ನಿಜವಾದ ಬಾಗಿಲಿತ್ತು. ಹಿಡಿ ಎಳೆದರೆ ತೆರೆದುಕೊಳ್ಳುವಂಥದ್ದು.